ಆರ್.ಟಿ. ನಗರದ ಟ್ಯಾಗೋರರು, ಯಶವಂತಪುರದ ಈರುಳ್ಳಿ ಮೂಟೆ

ಬಸ್ಸಿನ ಬೋರ್ಡಿನಲ್ಲಿ ಎರಡೇ ಅಕ್ಷರಕ್ಕೆ ಇಳಿದಿರುವ ಆರ್.ಟಿ. ನಗರ, ರವೀಂದ್ರನಾಥ ಟ್ಯಾಗೋರರ ಹೆಸರಿನ ಬಡಾವಣೆ. ಇದು ಗೊತ್ತಿರುವ ಸಂಗತಿಯೇ. ಆದರೆ ಜಪಾನಿನ ಹೈಕುವನ್ನು ನಮ್ಮ ದೇಶದ ಓದುಗರಿಗೆ ಪರಿಚಯಿಸಿದ ಮೊದಲಿಗರಲ್ಲಿ ಅವರೂ ಒಬ್ಬರು ಎಂದು ನನಗೆ ನೆನಪಿಸಿದವರು ಅದೇ ಬಡಾವಣೆಯ ಹಿರಿಯರೊಬ್ಬರು. ಯಶವಂತಪುರದ ಎಪಿಎಂಸಿ ಯಾರ್ಡಿನ ಮಂಡಿಯೊಂದರಲ್ಲಿ ಜೀವಮಾನವೆಲ್ಲ ಲೆಕ್ಕ ಬರೆದವರು. ಈಗ ಹಳೆಯ ಕಿರ್ದಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಹೈಕು ಬರೆಯುತ್ತಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಆ ಪುಸ್ತಕದ ಒಂದು ಪುಟ ಕಣ್ಣಿಗೆ ಕಟ್ಟಿದ ಹಾಗಿದೆ. ಎಡಕ್ಕೆ ಕೆಂಪು ಗೆರೆಯ ಅಂಕಣ. ತಾರೀಖು ಇರಬೇಕಾದ ಜಾಗದಲ್ಲಿ ‘ವೈಶಾಖ’ ಎಂದಿದೆ. ಪಕ್ಕದಲ್ಲಿ ಮೂರು ಸಾಲು:

ಮೊದಲ ಮಳೆ
ಈರುಳ್ಳಿ ಮೂಟೆ ಮೇಲೆ
ಯಾರ ಕಣ್ಣೀರು

ಮೂರನೆಯ ಸಾಲಿಗೆ ಅಡ್ಡಗೆರೆ ಎಳೆದಿದ್ದರು. ಅದರ ಕೆಳಗೆ ಬೇರೆ ಶಾಯಿಯಲ್ಲಿ ‘ಒದ್ದೆ ಟವೆಲು’ ಎಂದಿತ್ತು. ಕಣ್ಣೀರನ್ನು ಯಾಕೆ ತೆಗೆದಿರಿ ಎಂದು ಕೇಳಿದೆ.

“ಈರುಳ್ಳಿ ಅಂದ್ಮೇಲೆ ಕಣ್ಣೀರು ತಾನೇ ಬರುತ್ತೆ ಸಾರ್, ಅದರಲ್ಲಿ ನನ್ನ ಕೆಲಸ ಏನಿದೆ? ಟವೆಲು ನಾನು ಕಂಡಿದ್ದು. ಹಮಾಲಿ ಎಲ್ಲೋ ಟೀ ಕುಡಿಯೋಕೆ ಹೋಗಿದ್ದ.”

ಹೈಕುವಿನ ಬಗ್ಗೆ ನಾನು ಓದಿದ ಎಷ್ಟೋ ಮುನ್ನುಡಿಗಳಿಗಿಂತ ಈ ತಿದ್ದುಪಡಿ ಹೆಚ್ಚು ತಿಳಿಸಿತು. ಮೊದಲ ರೂಪದಲ್ಲಿ ಕವಿ ನಮ್ಮ ಮುಂದೆ ನಿಂತು ಮರುಗುತ್ತಾನೆ, ನಮ್ಮನ್ನೂ ಮರುಗು ಎನ್ನುತ್ತಾನೆ. ತಿದ್ದಿದ ಮೇಲೆ ಕವಿಯೂ ಇಲ್ಲ, ಹಮಾಲಿಯೂ ಇಲ್ಲ. ಆದರೂ ಬೆಳಗಿನಿಂದ ಹೊತ್ತ ಮೂಟೆ, ಹೆಗಲ ಬೆವರು, ದಿಢೀರನೆ ಬಂದ ಮಳೆ ಎಲ್ಲವೂ ಆ ಟವೆಲಿನಲ್ಲಿವೆ. ಅದು ಮಳೆಗೆ ಒದ್ದೆಯಾಯಿತೋ ಬೆವರಿಗೋ ಎಂದು ಅವರು ಹೇಳುವುದಿಲ್ಲ. ಜಪಾನಿನ ಕವಿ ಮಸಾವೊಕಾ ಶಿಕಿ (1867–1902) ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಪ್ರಕಾರಕ್ಕೆ ‘ಹೈಕು’ ಎಂಬ ಹೆಸರು ಗಟ್ಟಿಮಾಡಿ, ಕಂಡದ್ದನ್ನು ಕಂಡ ಹಾಗೆ ಚಿತ್ರಿಸಿ ಎಂದು ಹಟ ಹಿಡಿದದ್ದು ಇದಕ್ಕೇ ಇರಬೇಕು.

ಟ್ಯಾಗೋರರಿಗೂ ಹಿಡಿಸಿದ್ದು ಈ ಬಿಗಿತ. 1916ರ ಮೇ ತಿಂಗಳಲ್ಲಿ ಕಲ್ಕತ್ತೆಯಿಂದ ‘ತೊಸಾ ಮಾರು’ ಹಡಗು ಹತ್ತಿ ಅವರು ಕೋಬೆಯಲ್ಲಿ ಇಳಿದರು. ಟೋಕಿಯೊದಲ್ಲಿ ಚಿತ್ರಕಾರ ಯೊಕೊಯಾಮಾ ತೈಕಾನರ ಮನೆಯಲ್ಲಿ, ಆಮೇಲೆ ಯೊಕೊಹಾಮಾದಲ್ಲಿ ರೇಷ್ಮೆ ವ್ಯಾಪಾರಿ ಹಾರಾ ಅವರ ತೋಟದ ಮನೆಯಲ್ಲಿ ಉಳಿದರು. 1919ರಲ್ಲಿ ಪುಸ್ತಕವಾದ ‘ಜಪಾನ್ ಯಾತ್ರಿ’ಯಲ್ಲಿ ಹೈಕು ಕವಿ ಬಾಶೋನ, ಕಪ್ಪೆ ನೀರಿಗೆ ಹಾರುವ ಕವಿತೆಯನ್ನು ಬಂಗಾಳಿಗೆ ತಂದು, ಜಪಾನಿಯರ ಕವಿತೆ ಹಾಡಲ್ಲ, ಚಿತ್ರ, ಮೂರು ಸಾಲು ಕವಿಗೂ ಸಾಕು, ಓದುವವನಿಗೂ ಸಾಕು ಎಂಬರ್ಥದ ಮಾತು ಬರೆದರು. ಅದೇ 1916ರಲ್ಲಿ ಬಂದ ಅವರ ‘ಸ್ಟ್ರೇ ಬರ್ಡ್ಸ್’ ಸಂಕಲನ ಹಾರಾ ಅವರಿಗೇ ಅರ್ಪಣೆಯಾಗಿದೆ. ಅದರ ಕಿರುಸಾಲುಗಳೆಲ್ಲ ಜಪಾನಿನ ಋಣವಲ್ಲ, ಹಲವು ಅವರದೇ 1899ರ ಬಂಗಾಳಿ ಸಂಕಲನ ‘ಕಣಿಕಾ’ದಿಂದ ಬಂದವು. ಅವು ಹೈಕುಗಳೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಹೂವನ್ನೋ ಹಕ್ಕಿಯನ್ನೋ ತೋರಿಸಿದ ಮೇಲೆ ಅದರ ಅರ್ಥವನ್ನೂ ಕೈಗಿಡದೆ ಗುರುದೇವರಿಗೆ ಸಮಾಧಾನವಿಲ್ಲ. ಬೆಂಗಳೂರಿಗೂ ಅವರು ಬಂದವರೇ. 1928ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಶೀಲರ ಅತಿಥಿಯಾಗಿ ಬಾಲಬ್ರೂಯಿ ಬಂಗಲೆಯಲ್ಲಿದ್ದಾಗ ‘ಶೇಷೇರ್ ಕವಿತಾ’ ಕಾದಂಬರಿ ಮುಗಿಸಿದರು.

ಇನ್ನು ಲೆಕ್ಕದ ವಿಷಯ. ಐದು, ಏಳು, ಐದು ಎಂದು ಹದಿನೇಳು ಅಕ್ಷರ ಎಣಿಸುವುದು ಕನ್ನಡದಲ್ಲಿ ರೂಢಿಯಾಗಿದೆ. ಹಿರಿಯರ ಈರುಳ್ಳಿಯ ಪದ್ಯ ಆ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಆದರೆ ಜಪಾನಿಯರ ಎಣಿಕೆ ನಮ್ಮ ಮಾತ್ರೆಗೆ ಹತ್ತಿರ. ದೀರ್ಘ ಸ್ವರಕ್ಕೆ ಎರಡು, ಒತ್ತಿಗೊಂದು, ಕೊನೆಯ ನಕಾರಕ್ಕೊಂದು. ‘ನಿಪ್ಪೊನ್’ ಎಂಬುದು ನಮ್ಮ ಕಣ್ಣಿಗೆ ಎರಡಕ್ಷರ, ಅವರ ಕಿವಿಗೆ ನಾಲ್ಕು. ನಮ್ಮ ಲಘು-ಗುರು ಹಾಕಿದರೂ ಎರಡು ಗುರು, ನಾಲ್ಕು ಮಾತ್ರೆಯೇ! ಇದು ಹೊಳೆದಾಗ ನಾವಿಬ್ಬರೂ ಕಿರ್ದಿ ಪುಸ್ತಕದ ಪದ್ಯಗಳಿಗೆಲ್ಲ ಪ್ರಸ್ತಾರ ಹಾಕಲು ಕೂತೆವು. ‘ಮೊದಲ ಮಳೆ’ ಎಲ್ಲ ಲಘು, ಸರಿಯಾಗಿ ಐದು. ‘ಈರುಳ್ಳಿ ಮೂಟೆ ಮೇಲೆ’ ಹನ್ನೊಂದು. ‘ಒದ್ದೆ ಟವೆಲು’ ಆರು. ಒಟ್ಟು ಇಪ್ಪತ್ತೆರಡು, ಹದಿನೇಳಕ್ಕಿಂತ ಐದು ಹೆಚ್ಚು. ಲೆಕ್ಕ ಬರೆದವರಲ್ಲವೇ, ಅವರಿಗೆ ಆ ಐದು ಮಾತ್ರೆ ಕಾಡಿತು. ‘ಮೇಲೆ’ ತೆಗೆದು ನೋಡಿದರು. ಮೂಟೆಯನ್ನು ಚೀಲ ಮಾಡಿದರು. ಕೊನೆಗೆ ಮೊದಲಿದ್ದಂತೆಯೇ ಉಳಿಸಿದರು. ಉಳಿಸಿದ್ದೇ ಸರಿ. ಹೈಕು ಲೆಕ್ಕದಿಂದ ಹುಟ್ಟುವುದಾಗಿದ್ದರೆ ಎರಡನೆಯ ಸಾಲಿನ ನಡುವೆ ಪದ ಮುರಿದು ಹದಿನೇಳು ತುಂಬಿಸಿದ ಹನಿಗವನಗಳೆಲ್ಲ ಹೈಕು ಆಗಬೇಕಿತ್ತು. ಹನಿಗವನದ ಮೇಲೆ ನನಗೆ ಮುನಿಸಿಲ್ಲ. ಕೊನೆಯ ಸಾಲಿನಲ್ಲಿ ಚುರುಕು ಮುಟ್ಟಿಸುವುದು ಅದರ ಕಸುಬು. ಹೈಕು ಆ ಜಾಗದಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ.

ಮೂರು ಸಾಲು ನಮಗೆ ಹೊಸದೂ ಅಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು 700ರ ಹೊತ್ತಿಗೇ, ತ್ರಿಪದಿ ಇದೆ. ಬಾಶೋನ ಕಪ್ಪೆ ನೀರಿಗೆ ಹಾರಿದ್ದು 1686ರಲ್ಲಿ. ಆದರೆ ತ್ರಿಪದಿ ಹಾಡುವ ಪದ್ಯ, ಬೀಸುಕಲ್ಲಿನ ಜೊತೆ ಸುತ್ತುವಂಥದ್ದು. ಹೈಕುವಿನ ಮಿತಮಾತಿಗೆ ಹತ್ತಿರದ್ದು ಪದ್ಯವೇ ಅಲ್ಲದ ಇನ್ನೊಂದು, ಅದೂ ಪಕ್ಕದ ಹೆಬ್ಬಾಳದಲ್ಲೇ ಇದೆ ಎಂದರು ಹಿರಿಯರು. 2018ರಲ್ಲಿ ಚರಂಡಿ ಅಗೆತದಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ವೀರಗಲ್ಲು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಊರಿನ ಹೆಸರು ಅದರಲ್ಲಿ ಪೆರ್ಬೊಳಲ್. ಈಗ ಅದಕ್ಕೊಂದು ಮಂಟಪವಿದೆ. ಅದರ ಮುಂದೆ ನಿಂತಾಗ ಫ್ಲೈಓವರಿನ ಸದ್ದು ಕಿವಿ ತುಂಬಿತ್ತು. ಕಲ್ಲು ಹೇಳುವುದು ಇಷ್ಟೆ: ಇಂಥ ರಾಜನ ಆಳ್ವಿಕೆ, ಇಂಥ ನಾಡು, ದಾಳಿ ಬಂತು, ಕಿಟ್ಟಯ್ಯ ಕಾದಿ ಸತ್ತ. ಹೊಗಳಿಕೆಯ ಹೊಳೆಯಿಲ್ಲ, ಅಳುವಿಲ್ಲ. ಹೈಕುವಿಗೂ ವೀರಗಲ್ಲಿಗೂ ನಂಟು ಹೆಣೆಯುವುದು ಅತಿಯಾಯಿತು ಎಂದು ಪಂಡಿತರು ಹೇಳಬಹುದು. ನನಗಂತೂ ಸತ್ತವನ ಹೆಸರನ್ನು ಹೇಳಿ ಸುಮ್ಮನಾಗುವ ಆ ಕಲ್ಲಿನ ಕನ್ನಡ ಇವತ್ತಿನ ನಮ್ಮ ಕವಿತೆಗೆ ಬೇಕು ಎನಿಸಿತು.

ಹೈಕುವಿಗೆ ಇನ್ನೊಂದು ಕಟ್ಟಳೆಯುಂಟು. ಪದ್ಯದಲ್ಲಿ ಋತುವನ್ನು ಸೂಚಿಸುವ ಪದ ಇರಬೇಕು. ಅಂಥ ಪದಗಳಿಗೇ ಜಪಾನಿನಲ್ಲಿ ‘ಸೈಜಿಕಿ’ ಎಂಬ ಕೋಶಗಳಿವೆ. ನಮ್ಮವರು ಹೈಕು ಬರೆಯುವಾಗ ಕಾಣದ ಚೆರ್ರಿ ಹೂವನ್ನೂ ಬೀಳದ ಹಿಮವನ್ನೂ ತರುತ್ತಾರೆ, ಅದಕ್ಕೆ ಜೀವ ಇರುವುದಿಲ್ಲ. ಹಿರಿಯರು ಕಿರ್ದಿಯ ಕೊನೆಯ ಹಾಳೆಗಳಲ್ಲಿ ಉತ್ತರ ಬೆಂಗಳೂರಿಗೇ ಒಂದು ಪಟ್ಟಿ ಬೆಳೆಸುತ್ತಿದ್ದಾರೆ. ಪುಷ್ಯಕ್ಕೆ ಸೊಗಡವರೆ, ಅದರ ಸಿಪ್ಪೆಯ ಗುಡ್ಡೆ. ಯುಗಾದಿಗೆ ಹೊಂಗೆ ಚಿಗುರು. ಆಷಾಢಕ್ಕೆ ಬೀಸುವ ಗಾಳಿ, ಹಾರುವ ಅಂಗಡಿ ಟಾರ್ಪಾಲು. ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಬಣ್ಣದ ಕೊಕ್ಕರೆಯನ್ನು ಯಾವ ಮಾಸಕ್ಕೆ ಹಾಕುವುದೆಂದು ಇನ್ನೂ ತೀರ್ಮಾನವಾಗಿಲ್ಲ.

ಟಬೆಬುಯಾ ಹೂವಿನ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ಜಗಳವೇ ಆಯಿತು. ರಸ್ತೆ ಬದಿಯನ್ನು ಗುಲಾಬಿ ಮಾಡುವ ಅದು ಅಮೆರಿಕಾ ಖಂಡದಿಂದ ಬಂದ ಮರ, ಜನ ಅದನ್ನು ಬೆಂಗಳೂರಿನ ಚೆರ್ರಿ ಎಂದು ಕರೆದು ಫೋಟೋ ಹಿಡಿಯುತ್ತಾರೆ, ನನ್ನ ಪಟ್ಟಿಗೆ ಬೇಡ ಎಂದರು. ನಿಮ್ಮ ಯಾರ್ಡಿನ ಆಲೂಗಡ್ಡೆ, ಮೆಣಸಿನಕಾಯಿ ಎಲ್ಲಿಂದ ಬಂದವು ಎಂದು ಕೇಳಿದೆ. “ಅದು ಬೇರೆ ಸಾರ್, ಅದನ್ನ ನಾವು ತಿಂದಿದ್ದೀವಿ” ಎಂದರು. ನಾನು ಬಿಟ್ಟಿಲ್ಲ, ಅವರೂ ಒಪ್ಪಿಲ್ಲ. ಮಾಘಕ್ಕೆ ಎದುರಾಗಿ ಒಂದು ಸಾಲು ಖಾಲಿ ಬಿಟ್ಟಿದ್ದಾರೆ.