ಡಯಾಲಿಸಿಸ್ ನಡೆಯುವಾಗ ತಿನ್ನಬಹುದೇ?

ಪ್ರಶ್ನೆ: ಅಪ್ಪನಿಗೆ ಬೆಳ್ತಂಗಡಿಯಲ್ಲಿ ಡಯಾಲಿಸಿಸ್. ನಡುವೆ ತಿನ್ನಲು ಕೊಡಬಹುದೇ? ಬಂಟ್ವಾಳದ ಅತ್ತೆ ಬೇಡ ಎನ್ನುತ್ತಾರೆ, ಮೂಡುಬಿದಿರೆಯ ಮಾವ ಕೊಡು ಎನ್ನುತ್ತಾರೆ.

ಉತ್ತರ: ಇಬ್ಬರ ಮಾತಿಗೂ ಕಾರಣವಿದೆ. ಉಂಡ ಮೇಲೆ ಜೀರ್ಣಕ್ಕಾಗಿ ರಕ್ತ ಕರುಳಿನತ್ತ ಹೆಚ್ಚು ಹರಿಯುತ್ತದೆ. ಅದೇ ಹೊತ್ತಿಗೆ ಯಂತ್ರ ಮೈಯ ನೀರು ತೆಗೆಯುತ್ತಿರುತ್ತದೆ. ಎರಡೂ ಕೂಡಿದರೆ ಬಿಪಿ ಇಳಿದು ಬೆವರು, ತಲೆಸುತ್ತು, ವಾಂತಿ, ಮೀನಖಂಡದ ಸೆಳೆತ ಬರಬಹುದು. ಪದೇಪದೇ ಬಿಪಿ ಇಳಿಯುವವರು, ನುಂಗಲು ಕಷ್ಟವಿರುವವರು ಆಗ ತಿನ್ನದಿರುವುದೇ ಕ್ಷೇಮ.

ಆದರೆ ಹಸಿವೂ ಸಣ್ಣ ವಿಷಯವಲ್ಲ. ಸುಮಾರು 4 ಗಂಟೆಯ ಡಯಾಲಿಸಿಸ್‌ನಲ್ಲಿ ಪ್ರೋಟೀನಿನ ಘಟಕವಾದ ಅಮೈನೋ ಆಮ್ಲ ಕೆಲವು ಗ್ರಾಂ ಸೋರಿಹೋಗುತ್ತದೆ. ದೂರದ ಹಳ್ಳಿಯಿಂದ ಬೆಳಿಗ್ಗೆ ಬಸ್ಸು ಹಿಡಿದು ಬಂದವರು ಮನೆ ಸೇರುವಾಗ ಊಟದ ಹೊತ್ತು ಮೀರಿರುತ್ತದೆ. ವಾರಕ್ಕೆ 2–3 ದಿನ ಹೀಗಾದರೆ ಮೈ ಸೊರಗದೆ ಇದ್ದೀತೆ? ಸಕ್ಕರೆ ಕಾಯಿಲೆಯವರಿಗಂತೂ ಶುಗರ್ ಇಳಿಯುವ ಭಯ. ಜರ್ಮನಿಯ ಎಷ್ಟೋ ಕೇಂದ್ರಗಳಲ್ಲಿ ಆಹಾರ ಕೊಡುವ ರೂಢಿಯೇ ಇದೆ.

ಅಪ್ಪನ ಬಿಪಿ ಸ್ಥಿರವಾಗಿದ್ದು ವೈದ್ಯರು ಒಪ್ಪಿದರೆ, ಆರಂಭದ ಹೊತ್ತಿನಲ್ಲೇ ನೇರ ಕೂರಿಸಿ, ಬೇಯಿಸಿದ ಮೊಟ್ಟೆಯ ಬಿಳಿಭಾಗವನ್ನೋ ಒಂದು ಇಡ್ಲಿಯನ್ನೋ ಕೊಡಿ. ಗಂಜಿ ಬೇಡ, ಅದರ ನೀರೂ ಲೆಕ್ಕಕ್ಕೆ ಬರುತ್ತದೆ. ಬಾಳೆಹಣ್ಣು, ಎಳನೀರನ್ನಂತೂ ಪ್ರೀತಿಯಿಂದಲೂ ಕೊಡಬೇಡಿ. ಅವುಗಳಿಂದ ರಕ್ತದ ಪೊಟ್ಯಾಸಿಯಂ ಏರಿದರೆ ಹೃದಯ ಬಡಿತವೇ ತಪ್ಪಬಹುದು.