ಸವೆದ ಚೈನ್‌ಸಾ: ಮನೆಯಲ್ಲಿ ಎಷ್ಟು, ಅಂಗಡಿಯಲ್ಲಿ ಎಷ್ಟು?

ಮಲೆನಾಡಿನ ಕಾಫಿ ತೋಟಗಳಲ್ಲಿ ಮಳೆಗಾಲಕ್ಕೆ ಮೊದಲು ಮರಗಸಿ (ನೆರಳುಮರಗಳ ಕೊಂಬೆ ಕಡಿಯುವ ಕೆಲಸ) ಶುರುವಾಯಿತೆಂದರೆ ಚೈನ್‌ಸಾ ರಿಪೇರಿ ಅಂಗಡಿಗಳಿಗೆ ಬಿಡುವಿರುವುದಿಲ್ಲ. ಅಲ್ಲಿಗೆ ಬರುವ ಎಷ್ಟೋ ಮೆಷಿನ್‌ಗಳಿಗೆ ಆಗಿರುವುದು ಇಷ್ಟೇ: ಚೈನಿನ ಹಲ್ಲು ಮೊಂಡಾಗಿದೆ. ಇನ್ನು ಕೆಲವು ಮೊದಲೇ ಬರಬೇಕಿದ್ದವು. ಮನೆಯಲ್ಲಿ ಸ್ಕ್ರೂ ತಿರುಗಿಸಿ ನೋಡಿ, ಪಿಸ್ಟನ್ ಹಿಡಿದುಕೊಂಡ ಮೇಲೆ ಬರುತ್ತವೆ. ಕಣ್ಣಿಗೆ ಕಾಣುವ ಸವೆತವನ್ನು ನಾವೇ ನೋಡಿಕೊಳ್ಳಬೇಕು, ಅಳೆಯದೆ ಗೊತ್ತಾಗದ್ದನ್ನು ಮೆಕ್ಯಾನಿಕ್‌ಗೆ ಬಿಡಬೇಕು. ಖರ್ಚಿನ ಲೆಕ್ಕ ಆಮೇಲಿನದು.

ಕೊಯ್ಯುವಾಗ ಬೀಳುವ ಹೊಟ್ಟನ್ನು ಅಂಗೈಗೆ ತೆಗೆದುಕೊಂಡು ನೋಡಿ. ಚೂಪಾದ ಚೈನ್ ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ, ಮೊಂಡಾದದ್ದು ಹಿಟ್ಟಿನಂಥ ಪುಡಿ ಮಾಡುತ್ತದೆ. ಆಗ ಕೈ ತಾನಾಗಿ ಮೆಷಿನ್ನನ್ನು ಮರಕ್ಕೆ ಒತ್ತುತ್ತದೆ. ಬಾರ್ ಕಾಯುತ್ತದೆ, ಕ್ಲಚ್ ಕಾಯುತ್ತದೆ, ಎಂಜಿನ್‌ಗೂ ಹೊರೆ ಬೀಳುತ್ತದೆ. ಎಂಜಿನ್ನಿನ ಎಷ್ಟೋ ಕಾಯಿಲೆಗಳ ಮೂಲ ಹಲ್ಲಿನಲ್ಲೇ ಇರುತ್ತದೆ.

ಈ ಹಲ್ಲಿನ ಆಕಾರಕ್ಕೆ ಒಂದು ಹುಳು ಕಾರಣ. 1946ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಮರ ಕಡಿಯುತ್ತಿದ್ದ ಜೋ ಕಾಕ್ಸ್, ಕಾಂಡ ಕೊರೆಯುವ ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ದವಡೆ ಆಡಿಸುತ್ತ ಸಾಗುವುದನ್ನು ಗಮನಿಸಿದ. ಅದೇ ರೀತಿ ಎಡಕ್ಕೊಂದು ಬಲಕ್ಕೊಂದು ಬಾಗಿದ ಹಲ್ಲಿನ ಚೈನ್ ತಯಾರಿಸಿದ. ಇಂದಿನ ಚೈನ್‌ಗಳು ಅದರ ವಂಶದವೇ. ಆದ್ದರಿಂದಲೇ ಮೊದಲು ಒಂದು ಕಡೆಯ ಹಲ್ಲುಗಳಿಗೆಲ್ಲ, ಆಮೇಲೆ ಇನ್ನೊಂದು ಕಡೆಯವಕ್ಕೆ ಅಷ್ಟೇ ಸಲ, ಅದೇ ಕೋನದಲ್ಲಿ ಅರ ಹಾಕಬೇಕು. ಬಹುತೇಕ ಚೈನ್‌ಗಳಿಗೆ ಕೋನ 30 ಡಿಗ್ರಿ; .325 ಇಂಚು ಪಿಚ್ಚಿನ ಚೈನಿಗೆ 4.8 ಮಿ.ಮೀ. ದುಂಡು ಅರ. ಎರಡು ಕಡೆಯ ಹಲ್ಲು ಹೆಚ್ಚುಕಮ್ಮಿಯಾದರೆ ಕೊಯ್ತ ಓರೆಯಾಗಿ ಹೋಗುತ್ತದೆ.

ಹೆಚ್ಚಿನವರು ಮರೆಯುವುದು ಪ್ರತಿ ಹಲ್ಲಿನ ಮುಂದಿರುವ ಚಿಕ್ಕ ಗುಬುಟನ್ನು. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂದು ತೀರ್ಮಾನಿಸುವುದು ಅದು. ಅರ ಹಾಕುತ್ತ ಹೋದಂತೆ ಹಲ್ಲು ತಗ್ಗುತ್ತದೆ, ಗುಬುಟು ಇದ್ದಲ್ಲೇ ಇರುತ್ತದೆ. ಎಷ್ಟು ಚೂಪು ಮಾಡಿದರೂ ಚೈನ್ ಮರದ ಮೇಲೆ ಜಾರುತ್ತದೆ. ಗೇಜ್ ಇಟ್ಟು, ಚಪ್ಪಟೆ ಅರದಿಂದ, ಸಾಮಾನ್ಯವಾಗಿ ಹಲ್ಲಿಗಿಂತ 0.65 ಮಿ.ಮೀ. ಕೆಳಗಿರುವಂತೆ ಇಳಿಸಬೇಕು. ಅದಕ್ಕಿಂತ ಹೆಚ್ಚು ಇಳಿಸಿದರೆ ಮೆಷಿನ್ ಮರಕ್ಕೆ ಸಿಕ್ಕಿಕೊಂಡು ಒದೆಯುತ್ತದೆ.

ಬಾರನ್ನು ಆಗಾಗ ತಿರುವಿ ಹಾಕುವುದು, ಏರ್ ಫಿಲ್ಟರ್ ತೊಳೆಯುವುದು, ಪ್ಲಗ್ ಬದಲಿಸುವುದು ಮನೆಯ ಕೆಲಸವೇ. ಚೈನ್ ತಿರುಗಿಸುವ ಸ್ಪ್ರಾಕೆಟ್ಟಿನಲ್ಲಿ ಅರ್ಧ ಮಿ.ಮೀ. ಆಳದ ಗೀರು ಬಿದ್ದಿದ್ದರೆ ಅದಕ್ಕೆ ಹೊಸ ಚೈನ್ ತೊಡಿಸಬೇಡಿ. ಹಳೆ ಸ್ಪ್ರಾಕೆಟ್ ಅದನ್ನೂ ಬೇಗ ತಿಂದುಹಾಕುತ್ತದೆ.

ಕಾರ್ಬುರೇಟರ್ ವಿಷಯ ಬೇರೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಪ್ರತ್ಯೇಕ ಆಯಿಲ್ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ್ದೇ ಗತಿ. 1:50 ಅಳತೆಯಲ್ಲಿ ಲೀಟರಿಗೆ 20 ಮಿ.ಲೀ. ಕಾರ್ಬುರೇಟರಿನ 'ಎಚ್' ಸ್ಕ್ರೂ ಬಿಗಿ ಮಾಡಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ, ಅದರೊಟ್ಟಿಗೆ ಆಯಿಲೂ. ಮೆಷಿನ್ ಕಿರುಚುತ್ತ ಜೋರಾಗಿ ತಿರುಗುತ್ತದೆ, ಶಕ್ತಿ ಬಂತು ಅನ್ನಿಸುತ್ತದೆ. ಪಿಸ್ಟನ್ ಸಾಯುವುದು ಆಗಲೇ. ನಿಮಿಷಕ್ಕೆ 12,000 ಸುತ್ತಿಗೂ ಮೀರುವ ಈ ವೇಗವನ್ನು ಕಿವಿಯಿಂದ ಅಳೆಯಲಾಗದು, ಟ್ಯಾಕೋಮೀಟರ್ ಬೇಕು. ಕ್ರ್ಯಾಂಕ್ ಸೀಲ್ ಸವೆದು ಒಳಗೆ ಗಾಳಿ ನುಗ್ಗಿದರೂ ಇದೇ ಪಾಡು; ಅದನ್ನು ಪ್ರೆಷರ್ ಟೆಸ್ಟ್ ಮಾಡಿಯೇ ಹಿಡಿಯಬೇಕು.

ಅಂಗಡಿಗೆ ಒಯ್ಯುವ ಮುಂಚೆ, ಎಂಜಿನ್ ತಣ್ಣಗಾದ ಮೇಲೆ, ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿ. ಪಿಸ್ಟನ್ ಮೈಮೇಲೆ ಉದ್ದುದ್ದ ಗೀರು ಕಂಡರೆ ಪಿಸ್ಟನ್ ಸೆಟ್ ಬದಲಿಸಲು ಹೇಳಿ ಸುಮ್ಮನಾಗಬೇಡಿ. ಆಯಿಲ್ ಕಡಿಮೆಯಾಗಿತ್ತೋ, ಗಾಳಿ ಎಳೆಯುತ್ತಿತ್ತೋ ಎಂದು ಕೇಳಿ. ಕಾರಣ ಹುಡುಕದೆ ಹಾಕಿದ ಹೊಸ ಪಿಸ್ಟನ್ನೂ ಹಾಗೇ ಹಿಡಿದುಕೊಳ್ಳುತ್ತದೆ.

ಚೈನ್ ಬ್ರೇಕನ್ನು ಮಾತ್ರ ಪರೀಕ್ಷಿಸುವುದು ಮನೆಯಲ್ಲಿ, ರಿಪೇರಿ ಮಾಡಿಸುವುದು ಅಂಗಡಿಯಲ್ಲಿ. ಮೆಷಿನ್ನನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಥ್ರಾಟಲ್ ಒತ್ತಿ, ಎಡ ಮಣಿಕಟ್ಟಿನಿಂದ ಮುಂದಿನ ಗಾರ್ಡ್ ತಳ್ಳಿ. ಚೈನ್ ತಕ್ಷಣ ನಿಲ್ಲಬೇಕು. ಒಂದೆರಡು ಸುತ್ತು ಎಳೆದುಕೊಂಡು ಹೋಗಿ ನಿಂತರೂ ಆ ದಿನದ ಕೆಲಸ ನಿಲ್ಲಿಸಿ, ಮೆಷಿನ್ನನ್ನು ಅಂಗಡಿಗೆ ಕಳಿಸಿ.