ಸೋರುವ ಕಾರ್ಬ್ಯುರೇಟರು

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳ ಸೀಮೆಯಲ್ಲಿ ಕಡಲೆಕಾಯಿಯ ಮೂಟೆಗಳನ್ನು ಹೊತ್ತು ತಿರುಗುತ್ತಿದ್ದ ಹಳೆಯ ಪೆಟ್ರೋಲ್ ಜೀಪುಗಳ ಕಾಲ ಬಹುಮಟ್ಟಿಗೆ ಮುಗಿದಿದೆ. ಆದರೂ ಹಿಂಬದಿ ತೆರೆದ ಅಂಥದೊಂದು ಪಿಕಪ್ ಗಾಡಿ ಮಧುಗಿರಿಯಲ್ಲಿ ನಮ್ಮ ಕಣ್ಣಿಗೆ ಬಿದ್ದಿತು. ಬಾನೆಟ್ಟನ್ನು ಎತ್ತಿದೊಡನೆ ಪೆಟ್ರೋಲಿನ ವಾಸನೆ ಅಡರಿತು. ಕಾರ್ಬ್ಯುರೇಟರಿನ ಮೈಯೆಲ್ಲ ಒದ್ದೆ; ಹತ್ತಿರದಲ್ಲಿಯೇ ಕಾದ ಹೊಗೆಕೊಳವೆ! ಮಾಲೀಕರಾದರೋ ಪೆಟ್ರೋಲಿನ ಖರ್ಚಿನ ಮಾತನ್ನಷ್ಟೇ ಆಡುತ್ತಿದ್ದರು. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳಬಲ್ಲಷ್ಟು ಆವಿಯನ್ನು ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರವಾದುದರಿಂದ ತಗ್ಗಿನಲ್ಲಿ ಮಡುಗಟ್ಟುತ್ತದೆ. ಎಂಜಿನ್ ಆರುವವರೆಗೆ ಕಾದು, ಬ್ಯಾಟರಿಯ ತಂತಿಯನ್ನು ಕಳಚಿದ ಮೇಲೆಯೇ ನಾವು ಕೈಯಿಟ್ಟೆವು.

ಪೆಟ್ರೋಲನ್ನು ತುಂತುರುಮಾಡಿ ಗಾಳಿಯೊಡನೆ ಬೆರೆಸುವುದು ಕಾರ್ಬ್ಯುರೇಟರಿನ ಕೆಲಸ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಬೇಕು. ಈ ಅಳತೆ ತಪ್ಪದಿರಬೇಕಾದರೆ ಅದರ ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಒಂದೇ ಸಮನಾಗಿ ನಿಲ್ಲಬೇಕು. ಇದರ ಉಪಾಯವನ್ನು ವಾಚಕರು ಮನೆಯ ನೀರಿನ ತೊಟ್ಟಿಯಲ್ಲಿಯೇ ಕಂಡಿರುತ್ತಾರೆ: ತೇಲುವ ಚೆಂಡು ಮೇಲೇರಿದಂತೆ ನೀರು ಬರುವ ದಾರಿ ಮುಚ್ಚಿಕೊಳ್ಳುತ್ತದೆ. ಇಲ್ಲಿ ಚೆಂಡಿನ ಬದಲು ಹಿತ್ತಾಳೆಯ ಟೊಳ್ಳು ಫ್ಲೋಟು. ಅದು ಸನ್ನೆಯೊಂದರ ಮೂಲಕ ಸೂಜಿಯನ್ನು ರಂಧ್ರಕ್ಕೆ ಒತ್ತುತ್ತದೆ. ಫ್ಲೋಟುಳ್ಳ ತುಂತುರು ಕಾರ್ಬ್ಯುರೇಟರನ್ನು ಜರ್ಮನಿಯ ವಿಲ್ಹೆಲ್ಮ್ ಮೇಬಾಖ್ 1893ರ ವೇಳೆಗೆ ರೂಪಿಸಿದ್ದನು.

ಸ್ವಲ್ಪ ಲೆಕ್ಕ ಹಾಕೋಣ. ಪಂಪಿನ ಒತ್ತಡ ಚದರ ಸೆಂಟಿಮೀಟರಿಗೆ ಕಾಲು ಕಿಲೋಗ್ರಾಂ, ರಂಧ್ರದ ವ್ಯಾಸ 2 ಮಿಲಿಮೀಟರ್ ಎಂದಿಟ್ಟುಕೊಂಡರೆ, ಸೂಜಿಯನ್ನು ಹಿಡಿದಿಡಲು ಸುಮಾರು 8 ಗ್ರಾಂ ತೂಕದಷ್ಟು ಬಲ ಸಾಕು. ಸನ್ನೆ ಅದನ್ನು ನಾಲ್ಕರಲ್ಲೊಂದು ಪಾಲಿಗೆ ಇಳಿಸಿದರೆ ಫ್ಲೋಟು ಒದಗಿಸಬೇಕಾದುದು ಬರಿಯ 2 ಗ್ರಾಂ. ಇನ್ನು ಫ್ಲೋಟಿನಲ್ಲಿ ಕಣ್ಣಿಗೆ ಕಾಣದ ತೂತು ಬಿದ್ದು 4 ಘನ ಸೆಂಟಿಮೀಟರ್ ಪೆಟ್ರೋಲು ಒಳಸೇರಿತೆನ್ನಿ. ಪೆಟ್ರೋಲಿನ ಸಾಂದ್ರತೆ ನೀರಿನ ಮುಕ್ಕಾಲು ಪಾಲು. ಅಂದರೆ 3 ಗ್ರಾಂ ಹೊರೆ ಹೆಚ್ಚಿತು. ಆ ಕೊರತೆ ತುಂಬಲು ಬಟ್ಟಲಿನ ಮಟ್ಟ ಏರಲೇಬೇಕು. ಏರಿದುದು ಹೊರಚೆಲ್ಲುತ್ತದೆ.

ಫ್ಲೋಟನ್ನು ಕಿವಿಯ ಬಳಿ ಅಲುಗಿಸಿದಾಗ ಒಳಗೆ ಕುಲುಕುವ ಸದ್ದು ಕೇಳಿಸಿತು. ಒಲೆಯಿಂದ ದೂರ ತಂದ ಬಿಸಿನೀರಿನಲ್ಲಿ ಮುಳುಗಿಸಲು, ಅಂಚಿನ ಒಂದೆಡೆಯಿಂದ ಗುಳ್ಳೆಗಳು ಹೊರಟವು. ಒಳಗೆ ಪೆಟ್ರೋಲು ಉಳಿದಿರುವಾಗ ಬೆಸುಗೆ ಹಾಕಹೊರಟರೆ ಫ್ಲೋಟು ಸಿಡಿಯಬಹುದು. ಅದನ್ನು ಪೂರ್ತಿ ಒಣಗಿಸಬೇಕು. ಬೆಸುಗೆಯೂ ಹನಿಯಷ್ಟೇ ಇರತಕ್ಕದ್ದು. ಧಾರಾಳವಾಗಿ ಸೀಸ ಮೆತ್ತಿದರೆ ಕಳೆದ ಹೊರೆ ಮತ್ತೆ ಬಂದಂತೆಯೇ ಸರಿ. ಸೂಜಿಯ ತುದಿಯಲ್ಲಿ ಸವೆದ ಉಂಗುರದ ಗೆರೆಯೂ ಇತ್ತು. ಸೂಜಿಯನ್ನೂ ಅದರ ಪೀಠವನ್ನೂ ಒಟ್ಟಿಗೆ ಬದಲಾಯಿಸಿದೆವು.

ಮುಚ್ಚಳದ ಗ್ಯಾಸ್ಕೆಟ್ಟು ಮಾತ್ರ ಬೇರೊಂದು ಕಥೆ ಹೇಳಿತು. ಅದು ಉಬ್ಬಿ ಮೆತ್ತಗಾಗಿತ್ತು. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತಷ್ಟೆ. ಎಥನಾಲ್ ಹಳೆಯ ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ನೀರನ್ನು ಹೀರಿಕೊಂಡು ಲೋಹ ಕಿಲುಬುವಂತೆ ಮಾಡುತ್ತದೆ. ಇಂಥ ಗಾಡಿಗಳಿಗೆ ಎಥನಾಲನ್ನು ತಾಳುವ ಗ್ಯಾಸ್ಕೆಟ್ಟು, ಕೊಳವೆಗಳನ್ನೇ ಕೇಳಿ ಕೊಳ್ಳಬೇಕು.

ಜೋಡಿಸಿ, ಎಂಜಿನ್ನನ್ನು ಹತ್ತು ನಿಮಿಷ ಓಡಿಸಿದೆವು. ಬಟ್ಟಲಿನ ಕೆಳಗೆ ಹಿಡಿದ ಕಾಗದ ಒಣಗಿಯೇ ಇತ್ತು. ಎಣ್ಣೆಯ ಕಡ್ಡಿಯನ್ನು ಮೂಸಿದರೆ ಅಲ್ಲಿಯೂ ಪೆಟ್ರೋಲಿನ ವಾಸನೆ! ಚೆಲ್ಲಿದುದರಲ್ಲಿ ಒಂದಿಷ್ಟು ಸಿಲಿಂಡರಿನೊಳಕ್ಕೂ ಇಳಿದು ಎಂಜಿನ್ ಎಣ್ಣೆಯನ್ನು ತೆಳುವಾಗಿಸಿತ್ತು. ಎಣ್ಣೆ ಬದಲಾಯಿಸಿದ ಮೇಲೆಯೇ ಗಾಡಿ ಪಾವಗಡದ ದಾರಿ ಹಿಡಿಯಿತು.